ವೈರ್‌ಲೆಸ್ ಮೌಸ್: ರಿಸೀವರ್ ಗುರುತಾಗುತ್ತೆ, ಕರ್ಸರ್ ಮಾತ್ರ ಅಲ್ಲಾಡಲ್ಲ

ಮೂರನೇಬಟನ್

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಮೌಸ್ ಎರಡೂ ಬಗೆಯಲ್ಲಿ ಕೆಲಸ ಮಾಡುವಂಥದ್ದು: 2.4 ಗಿಗಾಹರ್ಟ್ಸ್ ಯುಎಸ್‌ಬಿ ರಿಸೀವರ್ ಜೊತೆಗೆ ಬಂದಿದೆ, ಬ್ಲೂಟೂತೂ ಇದೆ. ಅಡಿಯಲ್ಲಿ ಆನ್-ಆಫ್ ಸ್ವಿಚ್, ಅದರ ಪಕ್ಕ 1, 2, 3 ಅಂತ ಚಾನೆಲ್ ಬದಲಾಯಿಸುವ ಬಟನ್. 1ಕ್ಕೆ ರಿಸೀವರ್, 2ಕ್ಕೆ ಬ್ಲೂಟೂತ್ ಜೋಡಿಸಿದ್ದೇನೆ, 3 ಖಾಲಿ. ಒಂದು ಡಬಲ್-ಎ ಸೆಲ್ ಹಾಕಬೇಕು.

ರಿಸೀವರ್ ಚುಚ್ಚಿದ ಕೂಡಲೇ ವಿಂಡೋಸ್ ಸದ್ದು ಮಾಡುತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ (ವಿಂಡೋಸ್‌ನ ಸಾಧನಗಳ ಪಟ್ಟಿ) 'ಎಚ್‌ಐಡಿ ಕಂಪ್ಲಯಂಟ್ ಮೌಸ್' ಅಂತ ಬರುತ್ತೆ (ಎಚ್‌ಐಡಿ ಅಂದರೆ ಮೌಸ್, ಕೀಬೋರ್ಡ್‌ನಂಥ ಸಾಧನಗಳ ವರ್ಗ), ದೋಷ ತೋರಿಸುವ ಹಳದಿ ತ್ರಿಕೋನ ಇಲ್ಲ. ಮೌಸ್ ಹೊಟ್ಟೆಯಡಿ ಕೆಂಪು ಬೆಳಕೂ ಉರಿಯುತ್ತೆ. ಆದರೆ ಕರ್ಸರ್ ನಿಂತಲ್ಲೇ ನಿಂತಿರುತ್ತೆ. ಒಮ್ಮೊಮ್ಮೆ ಎರಡು ಸಲ ಕುಪ್ಪಳಿಸಿ ಮತ್ತೆ ನಿಲ್ಲುತ್ತೆ. ಅದೇ ಮೌಸ್, ಅದೇ ರಿಸೀವರ್ ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ ಸರಿಯಾಗಿ ಓಡುತ್ತೆ.

ಬ್ಲೂಟೂತ್‌ಗೆ ಹಾಕಿದರೆ ಓಡುತ್ತೆ, ಆದರೆ ಸ್ವಲ್ಪ ಹೊತ್ತು ಕೈ ಬಿಟ್ಟರೆ ಮತ್ತೆ ಎಚ್ಚರ ಆಗಲ್ಲ. ಕೆಲವು ಸಲ ಲ್ಯಾಪ್‌ಟಾಪ್ ಆನ್ ಮಾಡಿದಾಗ ಪೇರಿಂಗೇ ಮರೆತಂತೆ ಆಡುತ್ತೆ. ತೆಗೆದು ಹೊಸದಾಗಿ ಜೋಡಿಸಬೇಕು.

ಟಚ್‌ಪ್ಯಾಡ್ ಚೆನ್ನಾಗಿದೆ. ಲ್ಯಾಪ್‌ಟಾಪ್ ಎಡಗಡೆ ಎರಡು ಯುಎಸ್‌ಬಿ ಪೋರ್ಟ್ (ಒಳಗೆ ನೀಲಿ ಪ್ಲಾಸ್ಟಿಕ್), ಬಲಗಡೆ ಒಂದು ಕಪ್ಪು ಪೋರ್ಟ್ ಮತ್ತು ಒಂದು ಟೈಪ್-ಸಿ. ರಿಸೀವರ್ ಎಡಗಡೆ ಇದೆ. ಎಲ್ಲಿಂದ ಶುರು ಮಾಡಲಿ?

ಡ್ರೈವರ್‌ದಾಸ

ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಒಮ್ಮೆ ತೆಗೆದು ಹಾಕಿ ನೋಡಿ. ಟಚ್‌ಪ್ಯಾಡ್ ಇಲ್ಲದವರಿಗೂ ಅನುಕೂಲ ಆಗಲಿ ಅಂತ ಬರೀ ಕೀಬೋರ್ಡ್‌ನಲ್ಲಿ ಮಾಡುವ ದಾರಿ ಬರೆಯುತ್ತೇನೆ.

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಆಮೇಲೆ ಎಮ್. ಡಿವೈಸ್ ಮ್ಯಾನೇಜರ್ ತೆರೆಯುತ್ತೆ. ಟ್ಯಾಬ್ ಒತ್ತಿ ಪಟ್ಟಿಯೊಳಗೆ ಹೋಗಿ, ಕೆಳ ಬಾಣದಿಂದ 'ಮೈಸ್ ಆಂಡ್ ಅದರ್ ಪಾಯಿಂಟಿಂಗ್ ಡಿವೈಸಸ್' ವರೆಗೆ ಇಳಿಯಿರಿ, ಬಲ ಬಾಣ ಒತ್ತಿದರೆ ಒಳಗಿನ ಸಾಲುಗಳು ಬಿಚ್ಚಿಕೊಳ್ಳುತ್ತವೆ. ಬೇಕಾದ ಸಾಲಿನ ಮೇಲೆ ಶಿಫ್ಟ್ ಜೊತೆ ಎಫ್10 ಒತ್ತಿದರೆ ರೈಟ್ ಕ್ಲಿಕ್ ಮೆನು ಬರುತ್ತೆ. ಅಲ್ಲಿ 'ಅನ್‌ಇನ್‌ಸ್ಟಾಲ್ ಡಿವೈಸ್'. ಮುಗಿದ ಮೇಲೆ ಆಲ್ಟ್ ಜೊತೆ ಎ ಒತ್ತಿ ಆಕ್ಷನ್ ಮೆನುವಿನಿಂದ 'ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್'.

ಒಂದು ಎಚ್ಚರಿಕೆ: ಆ ಪಟ್ಟಿಯಲ್ಲಿ ಟಚ್‌ಪ್ಯಾಡಿನ ಸಾಲೂ ಇದೇ ಹೆಸರಲ್ಲಿ ಇರಬಹುದು. ರಿಸೀವರ್ ಕಿತ್ತಾಗ ಯಾವ ಸಾಲು ಮಾಯ ಆಗುತ್ತೋ ಅದೇ ಮೌಸಿನದು. ಅದನ್ನು ನೋಡಿಕೊಂಡೇ ಅಳಿಸಿ.

ರೇಡಿಯೋರಿಪೇರಿ

ಮೇಲಿನ ಕ್ರಮದಲ್ಲಿ ತಪ್ಪಿಲ್ಲ, ಮಾಡಿದರೆ ನಷ್ಟವೂ ಇಲ್ಲ. ಆದರೆ ಈ ಲಕ್ಷಣಕ್ಕೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕಾರಣ ಹೇಳ್ತೀನಿ.

ವಿಂಡೋಸ್ ಸದ್ದು ಮಾಡಿದ್ದು ಮೌಸ್ ನೋಡಿ ಅಲ್ಲ, ರಿಸೀವರ್ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾಣುವ ಸಾಲೂ ರಿಸೀವರಿನದೇ. ಮೌಸನ್ನು ಬೇರೆ ಊರಿನಲ್ಲಿ ಬಿಟ್ಟು ಬಂದು ರಿಸೀವರ್ ಮಾತ್ರ ಚುಚ್ಚಿದರೂ ಅಲ್ಲಿ 'ಎಚ್‌ಐಡಿ ಕಂಪ್ಲಯಂಟ್ ಮೌಸ್' ಅಂತಲೇ ಬರುತ್ತೆ. ಹಾಗಾಗಿ ದಾರಿಯನ್ನು ಎರಡು ತುಂಡು ಮಾಡಿ ಯೋಚಿಸಬೇಕು: ಲ್ಯಾಪ್‌ಟಾಪ್‌ನಿಂದ ರಿಸೀವರ್‌ವರೆಗೆ ತಂತಿಯ ತುಂಡು, ರಿಸೀವರ್‌ನಿಂದ ಮೌಸ್‌ವರೆಗೆ ಗಾಳಿಯ ತುಂಡು. ಹಳದಿ ತ್ರಿಕೋನ ಇಲ್ಲ ಅಂದರೆ ಮೊದಲ ತುಂಡು ಹೆಚ್ಚುಕಡಿಮೆ ಪಾಸಾದಂತೆ. ಅಲ್ಲಿ ತೊಂದರೆ ಇದ್ದಿದ್ದರೆ 'ಕೋಡ್ 43' (ಸಾಧನದಲ್ಲಿ ತೊಂದರೆ ಇದೆ ಅಂತ ವಿಂಡೋಸ್ ಕೊಡುವ ದೋಷ ಸಂಖ್ಯೆ) ಅಥವಾ 'ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್' ಅಂತ ಬರುತ್ತಿತ್ತು. ಡ್ರೈವರ್ ಅಂತೀರಾ, ಸಾದಾ ಮೌಸಿಗೆ ಬೇಕಾದ ಎಚ್‌ಐಡಿ ಡ್ರೈವರ್ ವಿಂಡೋಸ್ ಒಳಗೇ ಇದೆ. ಅದು ತಾನಾಗಿ ಕೆಡುವುದು ಅಪರೂಪ.

ಅನುಮಾನ ಇದ್ದರೆ ವಿಂಡೋಸನ್ನೇ ಲೆಕ್ಕದಿಂದ ಹೊರಗಿಡುವ ಎರಡು ಉಪಾಯ ಇವೆ. ಲ್ಯಾಪ್‌ಟಾಪ್ ಆನ್ ಮಾಡುವಾಗಲೇ ಬಯಾಸ್ ಸೆಟಪ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್ ಪರದೆ) ಒಳಗೆ ಹೋಗಿ. ಈಗಿನ ಬಹಳಷ್ಟು ಯಂತ್ರಗಳಲ್ಲಿ ಅಲ್ಲೂ ಮೌಸ್ ಓಡುತ್ತೆ; ಅಲ್ಲೂ ಸತ್ತಿದ್ದರೆ ವಿಂಡೋಸ್ ಮೇಲಿನ ಅನುಮಾನ ಕಡಿಮೆ ಮಾಡಬಹುದು. ಇನ್ನೊಂದು, ಒಟಿಜಿ ಕನೆಕ್ಟರ್ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಪುಟ್ಟ ಅಡಾಪ್ಟರ್) ಹಾಕಿ ರಿಸೀವರನ್ನು ಆಂಡ್ರಾಯ್ಡ್ ಫೋನಿಗೆ ಚುಚ್ಚುವುದು. ಫೋನ್ ಪರದೆ ಮೇಲೆ ಬಾಣ ಮೂಡಿ ಓಡಾಡಿದರೆ ಮೌಸ್, ರಿಸೀವರ್, ಸೆಲ್ ಮೂರೂ ನಿರಪರಾಧಿಗಳು.

ನಿಮ್ಮದು ಡೆಸ್ಕ್‌ಟಾಪ್‌ನಲ್ಲಿ ಓಡಿದೆ, ಆದ್ದರಿಂದ ಅದೂ ಪಾಸು. ಉಳಿದದ್ದು ಈ ಲ್ಯಾಪ್‌ಟಾಪ್ ಸುತ್ತಲಿನ ಗಾಳಿ. ಮೂರು ಪ್ರಶ್ನೆ:

1. ಪಕ್ಕದ ನೀಲಿ ಪೋರ್ಟಿನಲ್ಲಿ ಏನಿದೆ?
2. ಮೌಸನ್ನು ರಿಸೀವರ್‌ನಿಂದ ಒಂದು ಗೇಣಿನೊಳಗೆ ತಂದರೆ ಕರ್ಸರ್ ಓಡುತ್ತಾ?
3. ರಿಸೀವರನ್ನು ಬಲಗಡೆ ಕಪ್ಪು ಪೋರ್ಟಿಗೆ ಹಾಕಿದರೆ?

ಒಂದೊಂದನ್ನೂ ಬೇರೆ ಬೇರೆ ಮಾಡಿ. ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯಲ್ಲ.

ಬೆಸುಗೆ

ಅದರ ನಡುವೆ ಸೆಲ್ ವಿಚಾರ. ಕೆಂಪು ಬೆಳಕು ಉರಿದರೆ ಸೆಲ್ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಸಂದೇಶ ಕಳಿಸುವ ಕ್ಷಣದಲ್ಲಿ ರೇಡಿಯೋ ಚಿಪ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತೆ. ಹಳೇ ಸೆಲ್‌ನ ಒಳಗಿನ ರೋಧ ಹೆಚ್ಚಿರುವುದರಿಂದ ಆ ಕ್ಷಣಕ್ಕೆ ವೋಲ್ಟೇಜ್ ಕುಸಿದು ರೇಡಿಯೋ ತೊದಲುತ್ತೆ, ಬೆಳಕು ಮಾತ್ರ ಉರಿಯುತ್ತಲೇ ಇರುತ್ತೆ. ಹೊಸ ಆಲ್ಕಲೈನ್ ಸೆಲ್ ಮಲ್ಟಿಮೀಟರ್‌ನಲ್ಲಿ 1.5 ವೋಲ್ಟ್‌ಗಿಂತ ತುಸು ಮೇಲೆ ತೋರಿಸಬೇಕು. 1.2ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಬೇರೆ ಮಾತು. ರೀಚಾರ್ಜ್ ಸೆಲ್ (ನಿಕಲ್ ಮೆಟಲ್ ಹೈಡ್ರೈಡ್) ಹುಟ್ಟಿದ್ದೇ 1.2 ವೋಲ್ಟ್‌ಗೆ, ಅದಕ್ಕೆ ಈ ಲೆಕ್ಕ ಹಿಡಿಯಲ್ಲ. ಅದನ್ನು ಹಾಕಿದಾಗ ಮೌಸ್ 'ಬ್ಯಾಟರಿ ಕಡಿಮೆ' ಅಂತ ಸುಳ್ಳು ಎಚ್ಚರಿಕೆ ಕೊಡುವುದೂ ಉಂಟು.

ಸೆಲ್ ಕೂರುವ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಇದೆಯಾ ನೋಡಿ. ಆಲ್ಕಲೈನ್ ಸೆಲ್ ಸೋರಿದ ಗುರುತು ಅದು, ಕ್ಷಾರ. ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿ ಕಡ್ಡಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ತಾಗಿಸಿ ಒರೆಸಿ, ನೊರೆ ನಿಂತ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಇನ್ನೊಮ್ಮೆ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಪ್ರಿಂಗ್ ಸೊರಗಿದ್ದರೆ ಚಿಮಟದಿಂದ ಒಂದೆರಡು ಮಿಲಿಮೀಟರ್ ಮೇಲಕ್ಕೆ ಎಳೆದರೆ ಸಾಕು.

ಇದನ್ನು ಓದುವ ಬೇರೆಯವರಿಗೆ: ನಿಮ್ಮ ಮೌಸ್ ಅಡಿಯಲ್ಲಿ ಬೆಳಕೇ ಕಾಣದಿದ್ದರೆ ಸತ್ತಿದೆ ಅಂತ ತೀರ್ಮಾನ ಮಾಡಬೇಡಿ. ಹಲವು ಮೌಸ್‌ಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬಳಸುತ್ತವೆ. ಫೋನಿನ ಸೆಲ್ಫಿ ಕ್ಯಾಮೆರಾದಿಂದ ನೋಡಿದರೆ ಸಾಮಾನ್ಯವಾಗಿ ನೇರಳೆ ಚುಕ್ಕೆ ಕಾಣುತ್ತೆ. ಇನ್ನೊಂದು, ಗಾಜಿನ ಮೇಜಿನ ಮೇಲೆ ಕ್ಲಿಕ್ ಆಗುತ್ತೆ, ಕರ್ಸರ್ ಓಡಲ್ಲ ಅಂತ ದೂರುವವರಿಗೆ ಒಂದು ಹಾಳೆ ಬಿಳಿ ಕಾಗದವೇ ಮದ್ದು. ಕ್ಲಿಕ್ ತಲುಪುತ್ತಿದೆ ಅಂದರೆ ರೇಡಿಯೋ ಸರಿ ಇದೆ, ಸೆನ್ಸರ್‌ಗೆ ನೆಲ ಕಾಣುತ್ತಿಲ್ಲ, ಅಷ್ಟೆ.

ಮೂರನೇಬಟನ್

ಎಲ್ಲ ನೋಡಿದೆ. ಸೆಲ್ 1.48 ವೋಲ್ಟ್ ಇದೆ, ಸ್ಪ್ರಿಂಗ್ ಸ್ವಚ್ಛ.

1. ಪಕ್ಕದ ನೀಲಿ ಪೋರ್ಟಿನಲ್ಲಿ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಇದೆ, ಬ್ಯಾಕಪ್‌ಗೆ ಅಂತ ಯಾವಾಗಲೂ ಚುಚ್ಚಿಯೇ ಇರುತ್ತೆ.
2. ಗೇಣಿನೊಳಗೆ ತಂದರೆ ಓಡುತ್ತೆ! ಮೇಜಿನ ಬಲಕ್ಕೆ, ಅಂದರೆ ಸುಮಾರು 80 ಸೆಂಟಿಮೀಟರ್ ದೂರಕ್ಕೆ ಒಯ್ದರೆ ನಿಲ್ಲುತ್ತೆ.
3. ಬಲಗಡೆ ಕಪ್ಪು ಪೋರ್ಟಿಗೆ ಹಾಕಿದರೆ ಹೆಚ್ಚುಕಡಿಮೆ ಸರಿ. ಆದರೆ ಅಲ್ಲಿ ಬೇರೆ ಕೆಲಸಕ್ಕೆ ಪೋರ್ಟ್ ಬೇಕಾಗುತ್ತೆ.

ಡ್ರೈವರ್ ತೆಗೆದು ಹಾಕಿದ್ದೂ ಆಯಿತು, ಅದರಿಂದ ವ್ಯತ್ಯಾಸ ಕಾಣಲಿಲ್ಲ. ಹಾರ್ಡ್ ಡಿಸ್ಕಿಗೂ ಮೌಸಿಗೂ ಏನು ಸಂಬಂಧ?

ರೇಡಿಯೋರಿಪೇರಿ

ಸಂಬಂಧ ಗಟ್ಟಿಯಾಗೇ ಇದೆ. ಯುಎಸ್‌ಬಿ 3 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ದತ್ತಾಂಶ ಸಾಗಿಸುತ್ತೆ. ಆ ವೇಗದ ಸಿಗ್ನಲ್‌ನಿಂದ ಹೊಮ್ಮುವ ವಿದ್ಯುತ್ ಗದ್ದಲ ಒಂದೇ ಆವರ್ತನದಲ್ಲಿ ನಿಲ್ಲಲ್ಲ, ಅಗಲಕ್ಕೆ ಹರಡುತ್ತೆ, ಅದರಲ್ಲಿ 2.4ರಿಂದ 2.5 ಗಿಗಾಹರ್ಟ್ಸ್ ಭಾಗವೂ ಸೇರುತ್ತೆ. ನಿಮ್ಮ ಮೌಸ್ ಮಾತಾಡುವುದೂ ಅಲ್ಲೇ: 2400ರಿಂದ 2483.5 ಮೆಗಾಹರ್ಟ್ಸ್. ಡಿಸ್ಕಿನ ಪೆಟ್ಟಿಗೆ, ಕೇಬಲ್, ಕನೆಕ್ಟರ್, ಶೀಲ್ಡಿಂಗ್ ಸಾಲದ ಕಡೆಯಿಂದೆಲ್ಲ ಗದ್ದಲ ಸೋರುತ್ತೆ. ಇಂಟೆಲ್ 2012ರಲ್ಲೇ ಇದರ ಬಗ್ಗೆ ತಾಂತ್ರಿಕ ಟಿಪ್ಪಣಿ ಹೊರತಂದು, ವೈರ್‌ಲೆಸ್ ಮೌಸನ್ನೇ ಉದಾಹರಣೆಯಾಗಿ ತೋರಿಸಿತ್ತು.

ನಿಮ್ಮ ರಿಸೀವರ್ ಡಿಸ್ಕಿನ ಪ್ಲಗ್‌ನಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿದೆ, ಮೌಸ್ 80 ಸೆಂಟಿಮೀಟರ್ ಆಚೆ, ನಡುವೆ ಲ್ಯಾಪ್‌ಟಾಪ್ ದೇಹ ಬೇರೆ. ಗದ್ದಲದಲ್ಲಿ ಮೌಸಿನ ದನಿ ಮುಳುಗುತ್ತೆ. ದೂರ ಅರ್ಧ ಆದಾಗಲೆಲ್ಲ ಸಿಗ್ನಲ್ ಸುಮಾರು 6 ಡೆಸಿಬೆಲ್ ಏರುತ್ತೆ. 80ರಿಂದ 20ಕ್ಕೆ ತಂದರೆ 12 ಡೆಸಿಬೆಲ್ ಗಳಿಕೆ, ಅದಕ್ಕೇ ಗೇಣಿನೊಳಗೆ ಓಡಿತು. ಡೆಸ್ಕ್‌ಟಾಪ್‌ನಲ್ಲಿ ಪಕ್ಕಕ್ಕೆ ಡಿಸ್ಕ್ ಇರಲಿಲ್ಲ ಅನ್ನಿಸುತ್ತೆ.

ನೀಲಿ ಪೋರ್ಟನ್ನೇ ದೂರುವವರು ಬಹಳ ಜನ ಇದ್ದಾರೆ, ಅದು ಅರ್ಧ ಸತ್ಯ. ನೀಲಿ ಪೋರ್ಟಿನಲ್ಲಿ ರಿಸೀವರ್ ಒಂದೇ ಇದ್ದರೆ ಅದು ಹಳೇ ಯುಎಸ್‌ಬಿ 2 ಪಿನ್‌ಗಳ ಮೇಲೆ ನಿಧಾನ ವೇಗದಲ್ಲೇ ಮಾತಾಡುತ್ತೆ, 5 ಗಿಗಾಬಿಟ್ ಓಟವೇ ಇರಲ್ಲ. ಪಕ್ಕದಲ್ಲಿ ಯುಎಸ್‌ಬಿ 3 ಡಿಸ್ಕ್, ಡಾಕ್, ವೇಗದ ಪೆನ್‌ಡ್ರೈವ್ ಅಥವಾ ಹಬ್ ಕೆಲಸ ಮಾಡುತ್ತಿರುವಾಗಲೇ ತಾಪತ್ರಯ. ಆದ್ದರಿಂದ ಪರೀಕ್ಷೆಯೂ ಸುಲಭ: ಡಿಸ್ಕನ್ನು 'ಇಜೆಕ್ಟ್' ಮಾಡಿ ಕಿತ್ತುಬಿಡಿ, ಮೌಸ್ ಎಡ ಪೋರ್ಟಿನಲ್ಲೇ ಇದ್ದು ಬಲ ತುದಿಯಲ್ಲೂ ಓಡಿದರೆ ರೋಗ ಖಚಿತ.

ಪರಿಹಾರ: ಅರ್ಧದಿಂದ ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್. ಒಂದು ತುದಿ ಗಂಡು, ಒಂದು ತುದಿ ಹೆಣ್ಣು, ಟೈಪ್-ಎ. ಯುಎಸ್‌ಬಿ 2 ಕೇಬಲ್ಲೇ ಸಾಕು, ದುಬಾರಿ ಯುಎಸ್‌ಬಿ 3 ಕೇಬಲ್ ಬೇಡ. ರಿಸೀವರನ್ನು ಅದರ ತುದಿಗೆ ಹಾಕಿ ಪರದೆಯ ಹಿಂದಿನಿಂದ ಬಳಸಿ ಮೌಸ್ ಪ್ಯಾಡಿನ ಹತ್ತಿರ ತಂದಿಡಿ. ಮೌಸಿಗೂ ರಿಸೀವರಿಗೂ ನಡುವೆ ಕಬ್ಬಿಣದ ಸ್ಟ್ಯಾಂಡ್, ಮೇಜಿನ ಲೋಹದ ಚೌಕಟ್ಟು ಅಡ್ಡ ಬರದಂತೆ ನೋಡಿ. ಕೇಬಲ್ಲನ್ನು ಡಿಸ್ಕಿನ ಕೇಬಲ್ ಜೊತೆ ಸುತ್ತಿ ಕಟ್ಟಬೇಡಿ, ಕಟ್ಟಿದರೆ ಮಾಡಿದ ಕೆಲಸ ಅರ್ಧ ವ್ಯರ್ಥ.

ಕೇಬಲ್ ಬರುವವರೆಗೆ ಡಿಸ್ಕ್ ಮತ್ತು ರಿಸೀವರ್ ಜಾಗ ಅದಲುಬದಲು ಮಾಡಬಹುದು. ಆದರೆ ನಿಮ್ಮ ಕಪ್ಪು ಪೋರ್ಟ್ ಯುಎಸ್‌ಬಿ 2 ಆಗಿದ್ದರೆ ಡಿಸ್ಕಿನ ವೇಗ ಸೆಕೆಂಡಿಗೆ 30-40 ಮೆಗಾಬೈಟಿಗೆ ಇಳಿಯುತ್ತೆ. ಗದ್ದಲ ನಿಲ್ಲುತ್ತೆ, ಬ್ಯಾಕಪ್ ಮಾತ್ರ ತೆವಳುತ್ತೆ. ಪೋರ್ಟಿನ ಬಣ್ಣವನ್ನು ಪೂರ್ತಿ ನಂಬಬೇಡಿ, ಯುಎಸ್‌ಬಿ 3 ಪೋರ್ಟಿಗೂ ಕಪ್ಪು ಪ್ಲಾಸ್ಟಿಕ್ ಹಾಕುವ ತಯಾರಕರಿದ್ದಾರೆ. ಪಕ್ಕದಲ್ಲಿ 'ಎಸ್‌ಎಸ್' ಗುರುತು ಇದೆಯಾ ನೋಡಿ.

ಇಷ್ಟಾದ ಮೇಲೂ ಸ್ವಲ್ಪ ತೊದಲಿದರೆ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. 2.4ರ ವೈಫೈ ಕೂಡ ಅದೇ ಓಣಿಯಲ್ಲಿ ಓಡಾಡುವುದು.

ಡ್ರೈವರ್‌ದಾಸ

ಎಕ್ಸ್‌ಟೆನ್ಷನ್ ಕೇಬಲ್ ಒಪ್ಪಿದೆ. ಡ್ರೈವರ್ ದಾರಿ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂದರೆ ಹಳದಿ ತ್ರಿಕೋನ ಇರುವಲ್ಲಿ. ಕೋಡ್ 43 ಬಂದಾಗ ಆ ಸಾಲು ಅಳಿಸಿ, ರಿಸೀವರ್ ಕಿತ್ತು, ಶಿಫ್ಟ್ ಒತ್ತಿ ಹಿಡಿದು 'ಶಟ್ ಡೌನ್' ಕ್ಲಿಕ್ ಮಾಡಿ. ಸಾದಾ ಶಟ್ ಡೌನ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಕಾರಣದಿಂದ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮುಂದಿನ ಸಲ ಅದನ್ನೇ ಎಬ್ಬಿಸುತ್ತೆ, ಕೆಟ್ಟ ಸ್ಥಿತಿಯೂ ಜೊತೆಗೇ ಏಳುತ್ತೆ. ಶಿಫ್ಟ್ ಹಿಡಿದರೆ ಪೂರ್ತಿ ಆರುತ್ತೆ. 'ರೀಸ್ಟಾರ್ಟ್' ಕೂಡ ಪೂರ್ತಿ ಆರಿಸಿಯೇ ಎಬ್ಬಿಸುತ್ತೆ. 'ಆಫ್ ಮಾಡಿ ಆನ್ ಮಾಡಿದೆ, ಸರಿಹೋಗಲಿಲ್ಲ' ಅನ್ನುವವರಲ್ಲಿ ಅರ್ಧ ಜನ ಇಲ್ಲೇ ಎಡವುವುದು.

ಬ್ಲೂಟೂತ್ ತೊಂದರೆಗೆ ಬರೋಣ. ಕೈ ಬಿಟ್ಟ ಮೇಲೆ ಎಚ್ಚರ ಆಗದಿರುವುದು ಬಹುಪಾಲು ವಿದ್ಯುತ್ ಉಳಿತಾಯದ ಕಿತಾಪತಿ. ಮೌಸ್ ನಿದ್ದೆ ಹೋಗುವುದು ಸಹಜ, ಒಂದು ಕ್ಲಿಕ್ ಮಾಡಿ ಒಂದೆರಡು ಸೆಕೆಂಡ್ ಕಾದರೆ ಏಳಬೇಕು. ಏಳದಿದ್ದರೆ ಲ್ಯಾಪ್‌ಟಾಪಿನ ಬ್ಲೂಟೂತ್ ಅಡಾಪ್ಟರೇ ಮಲಗಿದೆ ಅಂತ ಲೆಕ್ಕ. ಡಿವೈಸ್ ಮ್ಯಾನೇಜರ್‌ನಲ್ಲಿ 'ಬ್ಲೂಟೂತ್' ಬಿಚ್ಚಿ. ಇಂಟೆಲ್, ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್ ಹೆಸರಿರುವ ಸಾಲಿನ 'ಪ್ರಾಪರ್ಟೀಸ್' ತೆರೆದು 'ಪವರ್ ಮ್ಯಾನೇಜ್‌ಮೆಂಟ್' ಟ್ಯಾಬಿನಲ್ಲಿ 'ಅಲೋ ದ ಕಂಪ್ಯೂಟರ್ ಟು ಟರ್ನ್ ಆಫ್ ದಿಸ್ ಡಿವೈಸ್ ಟು ಸೇವ್ ಪವರ್' ಎದುರಿನ ಟಿಕ್ ತೆಗೆಯಿರಿ.

ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಷನ್ಸ್' ಒಳಗೆ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಅಂತಲೂ ಒಂದಿದೆ, ಅದನ್ನೂ 'ಡಿಸೇಬಲ್ಡ್' ಮಾಡಿ. ಬ್ಲೂಟೂತ್‌ಗೂ ಯುಎಸ್‌ಬಿಗೂ ಏನು ಅಂತ ಕೇಳಬಹುದು: ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಬ್ಲೂಟೂತ್ ಚಿಪ್ ಯುಎಸ್‌ಬಿ ದಾರಿಗೇ ಜೋತುಬಿದ್ದಿರುತ್ತೆ, ಹೊರಗೆ ಪೋರ್ಟ್ ಕಾಣಲ್ಲ, ಅಷ್ಟೆ. ಹೊಸ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಎರಡು ಆಯ್ಕೆಗಳೂ ಕಾಣಿಸುವುದಿಲ್ಲ. ಅಲ್ಲಿ ಉಳಿದ ದಾರಿ ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ನಿಮ್ಮ ಮಾಡೆಲ್‌ನ ಬ್ಲೂಟೂತ್ ಡ್ರೈವರ್ ತಂದು ಹಾಕುವುದು. ಬಣ್ಣಬಣ್ಣದ 'ಡ್ರೈವರ್ ಅಪ್‌ಡೇಟರ್' ತಂತ್ರಾಂಶಗಳ ಕಡೆ ತಲೆ ಹಾಕಬೇಡಿ.

ಪೆಂಗ್ವಿನ್‌ಪ್ರಿಯ

'ಕೆಲವು ಸಲ ಆನ್ ಮಾಡಿದಾಗ ಪೇರಿಂಗ್ ಮರೆತಂತೆ ಆಡುತ್ತೆ' ಅಂದಿರಲ್ಲ, ಅದು ವಿದ್ಯುತ್ ಉಳಿತಾಯಕ್ಕೆ ಹೊಂದುವ ಲಕ್ಷಣ ಅಲ್ಲ. ಆ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಕೂಡ ಇದೆಯಾ?

ಮೂರನೇಬಟನ್

ಹೌದು, ಉಬುಂಟು (ಒಂದು ಬಗೆಯ ಲಿನಕ್ಸ್) ಇದೆ, ಡ್ಯುಯಲ್ ಬೂಟ್, ಅಂದರೆ ಆನ್ ಮಾಡುವಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು. ಅಲ್ಲೂ ಮೌಸ್ ಜೋಡಿಸಿದ್ದೇನೆ, ಅದೇ 2ನೇ ಚಾನೆಲ್‌ನಲ್ಲಿ. ನೀವು ಕೇಳಿದ ಮೇಲೆ ಹೊಳೆಯಿತು: ಉಬುಂಟುವಿನಲ್ಲಿ ಹೊಸದಾಗಿ ಜೋಡಿಸಿ ವಿಂಡೋಸಿಗೆ ಬಂದಾಗಲೇ ಹೀಗಾಗುವುದು.

ಅಂದ ಹಾಗೆ ಡಿಸ್ಕ್ ಕಿತ್ತಾಗ ಎಡ ಪೋರ್ಟಿನಿಂದಲೇ ಮೇಜಿನ ತುದಿವರೆಗೂ ಓಡಿತು. ಒಂದು ಮೀಟರ್ ಕೇಬಲ್ ಹಾಕಿದೆ, ಈಗ ಡಿಸ್ಕ್ ಚುಚ್ಚಿದ್ದರೂ ತೊದಲಿಲ್ಲ.

ಪೆಂಗ್ವಿನ್‌ಪ್ರಿಯ

ಹಾಗಾದರೆ ಕಾರಣ ಇದು. ಬ್ಲೂಟೂತ್ ಜೋಡಿಸುವಾಗ ಮೌಸ್ ಮತ್ತು ಕಂಪ್ಯೂಟರ್ ಸೇರಿ ಒಂದು ಗುಪ್ತ ಕೀಲಿ ಮಾಡಿಕೊಂಡು, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಾರೆ. ಅಡಾಪ್ಟರ್ ಒಂದೇ ಆದ್ದರಿಂದ ವಿಂಡೋಸೂ ಉಬುಂಟುವೂ ಮೌಸಿನ ಕಣ್ಣಿಗೆ ಒಂದೇ ಕಂಪ್ಯೂಟರ್, ವಿಳಾಸವೂ ಒಂದೇ. ಉಬುಂಟುವಿನಲ್ಲಿ ಜೋಡಿಸಿದಾಗ ಮೌಸ್ ಹಳೇ ಕೀಲಿ ಎಸೆದು ಹೊಸದನ್ನು ಬರೆದುಕೊಳ್ಳುತ್ತೆ. ವಿಂಡೋಸ್ ಬಳಿ ಇರುವುದು ಹಳೇ ಕೀಲಿ. ಪಟ್ಟಿಯಲ್ಲಿ ಮೌಸಿನ ಹೆಸರು ಇದ್ದೇ ಇರುತ್ತೆ, ಬಾಗಿಲು ಮಾತ್ರ ತೆರೆಯಲ್ಲ.

ನಿಮಗೆ ಸುಲಭದ ದಾರಿ ಇದೆ, 3ನೇ ಚಾನೆಲ್ ಖಾಲಿ ಇದೆಯಲ್ಲ. ಎರಡೂ ಕಡೆ ಹಳೇ ಜೋಡಣೆ ಅಳಿಸಿ. ವಿಂಡೋಸಿನಲ್ಲಿದ್ದಾಗ ಮೌಸನ್ನು 2ಕ್ಕೆ ತಂದು, ದೀಪ ವೇಗವಾಗಿ ಮಿನುಗುವವರೆಗೆ (ಸಾಮಾನ್ಯವಾಗಿ 3 ಸೆಕೆಂಡ್) ಚಾನೆಲ್ ಬಟನ್ ಒತ್ತಿ ಹಿಡಿದು ಜೋಡಿಸಿ. ಆಮೇಲೆ ಉಬುಂಟುವಿಗೆ ಹೋಗಿ 3ಕ್ಕೆ ತಂದು ಅಲ್ಲಿ ಜೋಡಿಸಿ. ಪ್ರತಿ ಚಾನೆಲ್ಲಿಗೂ ಕೀಲಿ ಬೇರೆ ಬೇರೆ ಇರುವುದರಿಂದ ಒಂದನ್ನೊಂದು ಅಳಿಸಲ್ಲ. ಬಟನ್ ಸುಮ್ಮನೆ ತಟ್ಟಿದರೆ ಚಾನೆಲ್ ಬದಲಾಗುತ್ತೆ, ಒತ್ತಿ ಹಿಡಿದರೆ ಮಾತ್ರ ಪೇರಿಂಗ್. ಬೆರಳು ಅರೆಮನಸ್ಸಿನಲ್ಲಿ ತೆಗೆದರೆ ಯಾವುದೂ ಆಗಲ್ಲ.

ಒಂದೇ ಚಾನೆಲ್ ಇರುವ ಮೌಸ್‌ನವರಿಗೆ ಕೆಲಸ ಸ್ವಲ್ಪ ಉದ್ದ. ಮೊದಲು ಲಿನಕ್ಸ್‌ನಲ್ಲಿ, ಕೊನೆಗೆ ವಿಂಡೋಸ್‌ನಲ್ಲಿ ಜೋಡಿಸಿ, ವಿಂಡೋಸ್ ರಿಜಿಸ್ಟ್ರಿಯಿಂದ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ಜಾಗ) ಆ ಕೀಲಿ ತೆಗೆದು ಲಿನಕ್ಸಿನ ಬ್ಲೂಟೂತ್ ಫೋಲ್ಡರಿನ ಫೈಲಿಗೆ ಕೈಯಾರೆ ಬರೆಯಬೇಕು. ಕಡಿಮೆ ಶಕ್ತಿಯ ಬ್ಲೂಟೂತ್ ಮೌಸ್‌ಗಳು ಮರುಜೋಡಿಸಿದಾಗ ತಮ್ಮ ವಿಳಾಸದ ಕೊನೆ ಅಂಕಿಯನ್ನೂ ಬದಲಿಸುವುದುಂಟು, ಆಗ ಫೋಲ್ಡರಿನ ಹೆಸರನ್ನೂ ತಿದ್ದಬೇಕಾಗುತ್ತೆ.

ರಿಸೀವರ್ ಬಳಸುವವರಿಗೆ ಈ ರಗಳೆಯೇ ಇಲ್ಲ. ಅಲ್ಲಿ ಜೋಡಣೆ ಕುಳಿತಿರುವುದು ರಿಸೀವರ್ ಒಳಗೆ, ಆಪರೇಟಿಂಗ್ ಸಿಸ್ಟಂ ಯಾವುದಾದರೂ ಅದಕ್ಕೆ ಒಂದೇ.

ಬೆಸುಗೆ

ರಿಸೀವರ್ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಎರಡು ಮೌಸ್ ಇರುವ ಕಡೆ ರಿಸೀವರ್ ಅದಲುಬದಲಾಗುವುದು ಜಾಸ್ತಿ. ನೋಡಲು ಒಂದೇ ತರಹ ಇದ್ದರೂ ಒಂದರ ರಿಸೀವರ್ ಇನ್ನೊಂದಕ್ಕೆ ಬರಲ್ಲ. ಲಾಜಿಟೆಕ್‌ನಲ್ಲಿ ಕಿತ್ತಳೆ ಬಣ್ಣದ ಗುರುತಿನ 'ಯೂನಿಫೈಯಿಂಗ್' ರಿಸೀವರ್ 6 ಸಾಧನಗಳವರೆಗೆ ಹಿಡಿಯುತ್ತೆ, 2021ರಲ್ಲಿ ಬಂದ 'ಬೋಲ್ಟ್' ಕೂಡ 6 ಹಿಡಿಯುತ್ತೆ, ಆದರೆ ಯೂನಿಫೈಯಿಂಗ್ ಮೌಸ್ ಬೋಲ್ಟ್‌ಗೆ ಸೇರಲ್ಲ, ಬೋಲ್ಟ್ ಮೌಸ್ ಯೂನಿಫೈಯಿಂಗ್‌ಗೂ ಸೇರಲ್ಲ. ಗುರುತೇ ಇಲ್ಲದ ಅಗ್ಗದ ಮೌಸ್‌ಗಳಲ್ಲಿ ರಿಸೀವರ್ ಕಳೆದುಹೋದರೆ ಬೇರೆ ತಂದು ಜೋಡಿಸುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಮೌಸ್ ಹೊಟ್ಟೆಯೊಳಗೆ ಸೆಲ್ ಪಕ್ಕ ರಿಸೀವರ್ ಇಡಲು ಗೂಡು ಇರುತ್ತೆ, ಪ್ರಯಾಣದಲ್ಲಿ ಅದನ್ನು ಅಲ್ಲೇ ಇಡಿ. ಲ್ಯಾಪ್‌ಟಾಪಿಗೆ ಚುಚ್ಚಿಕೊಂಡೇ ಬ್ಯಾಗಿಗೆ ತುರುಕಿದರೆ ಪೋರ್ಟಿನ ನಾಲಿಗೆಗೆ ಪೆಟ್ಟು ಬೀಳುತ್ತೆ, ಆಗ ನಿಜವಾಗಿಯೂ ಕೋಡ್ 43 ನೋಡಬೇಕಾಗುತ್ತೆ.

ಮೂರನೇಬಟನ್

2ರಲ್ಲಿ ವಿಂಡೋಸ್, 3ರಲ್ಲಿ ಉಬುಂಟು ಜೋಡಿಸಿದೆ. ಎರಡೂ ಕಡೆ ಬೂಟ್ ಮಾಡಿ ನೋಡಿದೆ, ಮರುಜೋಡಣೆ ಕೇಳಲಿಲ್ಲ. ಪವರ್ ಮ್ಯಾನೇಜ್‌ಮೆಂಟ್ ಟಿಕ್ ತೆಗೆದ ಮೇಲೆ ನಿದ್ದೆಯಿಂದಲೂ ಏಳುತ್ತಿದೆ. ಸೆಲೆಕ್ಟಿವ್ ಸಸ್ಪೆಂಡ್ ಆಯ್ಕೆ ನನ್ನಲ್ಲಿ ಕಾಣಲಿಲ್ಲ, ಅದನ್ನು ಮುಟ್ಟದೆಯೇ ಸರಿಹೋಗಿದೆ.